ಹೊಗಳಿಕೆಯ ಕೆಳಗಿನ ಸಾಲುಗಳು: ಮೋಸೆಸ್ ಮಾಂಟೆಫಿಯೋರೆಗೆ ರಬ್ಬಿಗಳು ಬರೆದ ಪತ್ರಗಳು

ಶಾಸನ ಓದುವ ನಮ್ಮಂಥವರಿಗೆ ಒಂದು ಅಭ್ಯಾಸ ಅಂಟಿಕೊಂಡುಬಿಡುತ್ತೆ. ‘ಸ್ವಸ್ತಿ’ ಅಂತ ಶುರುವಾಗಿ ‘ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ’ ಅಂತ ಬಿರುದುಗಳು ಸಾಲುಗಟ್ಟಿ ಬರುವಾಗ ಕಣ್ಣು ತಾನಾಗಿಯೇ ಕೆಳಗೆ ಜಾರುತ್ತೆ. ಶಕವರ್ಷ ಎಲ್ಲಿದೆ, ದಾನ ಯಾರು ಯಾರಿಗೆ ಕೊಟ್ಟರು, ಎಷ್ಟು ಮತ್ತರು, ಗಡಿ ಯಾವುದು, ಸಾಕ್ಷಿಗಳು ಯಾರು, ಬರೆದವನು ಯಾರು. ಇತಿಹಾಸ ಇರೋದು ಅಲ್ಲಿ, ಮೇಲಿನದೆಲ್ಲ ಅಲಂಕಾರ ಅನ್ನೋದು ನಮ್ಮ ಲೆಕ್ಕ. ಈ ಲೆಕ್ಕ ಅರ್ಧ ಸರಿ, ಅರ್ಧ ಅಲ್ಲ. ಅದನ್ನು ಹೇಳೋದಕ್ಕೆ ಈ ಸಲ ಕಲ್ಲೂ ಅಲ್ಲದ, ತಾಮ್ರಪಟವೂ ಅಲ್ಲದ, ನಮ್ಮ ನಾಡಿನದೂ ಅಲ್ಲದ ಒಂದು ದಾಖಲೆ ರಾಶಿಯನ್ನು ಎತ್ತಿಕೊಂಡಿದ್ದೇನೆ. ಹತ್ತೊಂಬತ್ತನೇ ಶತಮಾನದಲ್ಲಿ ಜೆರುಸಲೇಮ್, ಹೆಬ್ರಾನ್, ಸಫೇದ್, ತಿಬೇರಿಯಸ್ ಎಂಬ ನಾಲ್ಕು ಪವಿತ್ರ ಪಟ್ಟಣಗಳಿಂದ, ಪೂರ್ವ ಯುರೋಪಿನಿಂದ, ಉತ್ತರ ಆಫ್ರಿಕಾದಿಂದ ರಬ್ಬಿಗಳು ಅಂದ್ರೆ ಯೆಹೂದಿ ಧರ್ಮಗುರುಗಳು, ಇಂಗ್ಲೆಂಡಿನ ಒಬ್ಬ ಶ್ರೀಮಂತನಿಗೆ ಹೀಬ್ರೂ ಭಾಷೆಯಲ್ಲಿ ಬರೆದ ಗೌರವಪತ್ರಗಳು.

ಆ ಶ್ರೀಮಂತ ಸರ್ ಮೋಸೆಸ್ ಮಾಂಟೆಫಿಯೋರೆ. 1784ರ ಅಕ್ಟೋಬರ್ 24ರಂದು ಇಟಲಿಯ ಲಿವೋರ್ನೊದಲ್ಲಿ ಹುಟ್ಟು, 1885ರ ಜುಲೈ 28ರಂದು ಇಂಗ್ಲೆಂಡಿನ ಕಡಲತೀರದ ರಾಮ್ಸ್‌ಗೇಟ್‌ನಲ್ಲಿ ಸಾವು. ನೂರು ವರ್ಷ ಒಂಬತ್ತು ತಿಂಗಳ ಬದುಕು. ಲಂಡನ್ನಿನ ಷೇರುಪೇಟೆಯಲ್ಲಿ ದಲ್ಲಾಳಿಯಾಗಿ ಹಣ ಮಾಡಿದವರು. 1812ರಲ್ಲಿ ಜೂಡಿತ್ ಕೋಹೆನ್‌ರನ್ನು ಮದುವೆಯಾದರು. ಜೂಡಿತ್‌ರ ಅಕ್ಕ ಹ್ಯಾನಾ ಅವರ ಗಂಡ ನೇಥನ್ ಮೇಯರ್ ರಾತ್ಸ್‌ಚೈಲ್ಡ್; ಷಡ್ಡಕ ರಾತ್ಸ್‌ಚೈಲ್ಡ್ ಆದಮೇಲೆ ವ್ಯಾಪಾರ ಹೇಗೆ ನಡೆದಿರುತ್ತೆ ಅಂತ ವಿವರಿಸಬೇಕಿಲ್ಲ. ಯುರೋಪಿನ ಊರುಗಳಿಗೆ ಗ್ಯಾಸ್ ದೀಪ ಹಾಕಿಸಿದ ಕಂಪನಿಯೊಂದರ ಸ್ಥಾಪಕರಲ್ಲೂ ಇವರಿದ್ದರು. ನಲವತ್ತರ ವಯಸ್ಸಿನ ಹೊತ್ತಿಗೆ ವ್ಯಾಪಾರದಿಂದ ಹೆಚ್ಚುಕಡಿಮೆ ಕೈತೊಳೆದುಕೊಂಡರು. ಮಿಕ್ಕ ಅರವತ್ತು ವರ್ಷ ಮಾಡಿದ್ದು ಒಂದೇ ಕೆಲಸ: ಎಲ್ಲೆಲ್ಲಿ ಯೆಹೂದಿಗಳಿಗೆ ಕಷ್ಟ ಬಂತೋ ಅಲ್ಲಿಗೆ ಹೋಗೋದು, ಹಣ ಕೊಡೋದು, ದೊರೆಗಳ ಮುಂದೆ ನಿಂತು ಮಾತಾಡೋದು. 1827, 1838–39, 1849, 1855, 1857, 1866, 1875 ಹೀಗೆ ಏಳು ಸಲ ಪ್ಯಾಲೆಸ್ತೀನಿಗೆ ಪ್ರಯಾಣ. ಕೊನೆಯ ಸಲ ಹೋದಾಗ ವಯಸ್ಸು ತೊಂಬತ್ತು. 1846ರಲ್ಲಿ ರಷ್ಯಾದ ಝಾರ್ ಒಂದನೇ ನಿಕೊಲಾಸ್ ಎದುರು, 1864ರಲ್ಲಿ ಮೊರಾಕ್ಕೊದ ಸುಲ್ತಾನನ ಎದುರು, 1872ರಲ್ಲಿ ಮತ್ತೆ ಸೇಂಟ್ ಪೀಟರ್ಸ್‌ಬರ್ಗ್. ಹೋದಲ್ಲೆಲ್ಲ ಪತ್ರಗಳು. ಬಂದಮೇಲೂ ಪತ್ರಗಳು.

ಈ ಪತ್ರಗಳ ಕಟ್ಟಡ ನೋಡಿದರೆ ನಮ್ಮ ಶಾಸನದವರಿಗೆ ನೆಂಟರ ಮನೆಗೆ ಬಂದಹಾಗೆ ಅನಿಸುತ್ತೆ. ಮೇಲೆ ದೇವರ ಸ್ಮರಣೆಯ ಎರಡು ಅಕ್ಷರ. ಆಮೇಲೆ ಊರು, ದಿನ, ವರ್ಷ. ಆಮೇಲೆ ಬಿರುದುಗಳ ಮಳೆ. ಆಮೇಲೆ ವಿಷಯ. ಆಮೇಲೆ ಆಶೀರ್ವಾದ. ಕೊನೆಗೆ ಸಹಿಗಳು, ಮುದ್ರೆಗಳು. ಗದ್ಯವೇ ಆದರೂ ಪ್ರಾಸ ಹಾಕಿದ ಗದ್ಯ. ಹೀಬ್ರೂ ಬೈಬಲ್ಲಿನ ನುಡಿಗಟ್ಟುಗಳನ್ನು ಒಂದಕ್ಕೊಂದು ಹೊಲಿದು ಮಾಡಿದ ಕೌದಿ. ಈ ಶೈಲಿಗೆ ಅವರಲ್ಲಿ ‘ಮೆಲಿತ್ಸಾ’ ಅಂತ ಹೆಸರು. ಓದುವವನಿಗೆ ಮೂಲಗ್ರಂಥ ಬಾಯಿಪಾಠ ಇರುತ್ತೆ ಅನ್ನೋ ಭರವಸೆಯ ಮೇಲೇ ಈ ಶೈಲಿ ನಿಂತಿದೆ. ಮೋಸೆಸ್ ಅಂದ್ರೆ ಹೀಬ್ರೂವಿನಲ್ಲಿ ಮೋಶೆ. ಈಜಿಪ್ಟಿನ ದಾಸ್ಯದಿಂದ ಜನರನ್ನು ಬಿಡಿಸಿದ ಪ್ರವಾದಿಯ ಹೆಸರೇ. ಹೆಸರೇ ಇಷ್ಟು ಅನುಕೂಲ ಮಾಡಿಕೊಟ್ಟಮೇಲೆ ಬರೆಯುವವರು ಬಿಟ್ಟಾರೆಯೇ? ಅರಸನ ಆಸ್ಥಾನದಲ್ಲಿ ನಿಂತು ತನ್ನ ಜನರನ್ನು ಉಳಿಸಿದ ಮೊರ್ದೆಕೈಗೂ ಹೋಲಿಸುತ್ತಿದ್ದರು.

ಬಿರುದುಗಳಲ್ಲಿ ಒಂದನ್ನು ಮಾತ್ರ ಬಿಡಿಸಿ ತೋರಿಸುತ್ತೇನೆ. ಹೀಬ್ರೂ ಬರಹಗಳಲ್ಲಿ ಇವರು ಸದಾ ‘ಹಸ್ಸಾರ್ ಮೋಶೆ ಮಾಂಟೆಫಿಯೋರೆ’. ‘ಸಾರ್’ ಅಂದ್ರೆ ಹಳೆಯ ಹೀಬ್ರೂವಿನಲ್ಲಿ ಅಧಿಪತಿ, ರಾಜನ ಮಂತ್ರಿ, ನಾಯಕ. ಹಿಂದಿನ ‘ಹ’ ಇಂಗ್ಲಿಷಿನ ‘ದಿ’ ಇದ್ದಹಾಗೆ. 1837ರಲ್ಲಿ ಲಂಡನ್ನಿನ ಶೆರಿಫ್ ಆದಾಗ ರಾಣಿ ವಿಕ್ಟೋರಿಯಾ ಇವರಿಗೆ ನೈಟ್ ಪದವಿ ಕೊಟ್ಟಳು, ಅಲ್ಲಿಂದ ಮುಂದೆ ಇಂಗ್ಲಿಷಿನಲ್ಲಿ ‘ಸರ್ ಮೋಸೆಸ್’. ಇಂಗ್ಲಿಷಿನ ‘ಸರ್’ ಹೀಬ್ರೂವಿನ ‘ಸಾರ್’ ಮೇಲೆ ಕೂತುಬಿಟ್ಟಿತು. ಎರಡಕ್ಕೂ ಮೂಲದಲ್ಲಿ ಸಂಬಂಧವೇ ಇಲ್ಲ. ಆದರೆ ಪರಿಣಾಮ ನೋಡಿ: ಲಂಡನ್ನಿನಲ್ಲಿ ಒಬ್ಬ ನಾಗರಿಕನ ಗೌರವಪದವಿ, ಸಫೇದಿನ ಬೆಟ್ಟದ ಮೇಲೆ ಓದುವಾಗ ರಾಜ್ಯಾಧಿಕಾರಿಯ ಪಟ್ಟ. ಓದುವ ಬಡವನಿಗೆ ನಮ್ಮವನೊಬ್ಬ ರಾಣಿಯ ಸಭೆಯಲ್ಲಿದ್ದಾನೆ ಅನ್ನೋ ಅರ್ಥ. ಬಿರುದು ಬರೀ ಅಲಂಕಾರ ಅಲ್ಲ ಅಂತ ನಾನು ಹೇಳಿದ್ದು ಇದಕ್ಕೇ. ತೇದಿ ಹರಿದುಹೋದ ಪತ್ರ ಸಿಕ್ಕರೆ ‘ಸಾರ್’ ಇದೆಯೋ ಇಲ್ಲವೋ ಅನ್ನೋದು 1837ರ ಆಚೆಯೋ ಈಚೆಯೋ ಅನ್ನೋದಕ್ಕೆ ಒಂದು ಸುಳಿವು. ಸುಳಿವು ಅಷ್ಟೇ, ಪುರಾವೆ ಅಲ್ಲ. ಬಿರುದನ್ನು ಸ್ವಲ್ಪ ಮುಂಚೆಯೇ ಕೊಟ್ಟುಬಿಡುವ ಉದಾರಿಗಳು ಎಲ್ಲ ಭಾಷೆಯಲ್ಲೂ ಇದ್ದಾರೆ.

ಇದಕ್ಕಿಂತ ಗಟ್ಟಿ ಸುಳಿವು ಹೆಸರಿನ ಬಾಲದಲ್ಲಿರುವ ಎರಡೆರಡು ಅಕ್ಷರಗಳಲ್ಲಿದೆ. ನಮ್ಮ ಮದುವೆ ಪತ್ರಿಕೆಗಳಲ್ಲಿ ‘ಚಿ||ರಾ||’, ‘ಚಿ||ಸೌ||’, ‘ದಿ||’ ಅಂತ ಹಾಕುತ್ತೇವಲ್ಲ, ಹಾಗೆ. ಬದುಕಿರುವವರ ಹೆಸರಿನ ಮುಂದೆ ‘ನೂನ್ ಯೋದ್’, ಅವರ ದೀಪ ಬೆಳಗುತ್ತಿರಲಿ ಅಂತ. ತೀರಿಕೊಂಡವರಿಗೆ ‘ಝಯಿನ್ ಲಾಮೆದ್’, ಅವರ ನೆನಪು ಮಂಗಳಕರವಾಗಲಿ ಅಂತ. ಜೂಡಿತ್ ತೀರಿಕೊಂಡಿದ್ದು 1862ರ ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ ಪತ್ರಗಳಲ್ಲಿ ಗಂಡನ ಪಕ್ಕದಲ್ಲಿ ಆಯುಷ್ಯದ ಹಾರೈಕೆಯೊಂದಿಗೆ ಬರುವ ‘ಯೆಹೂದಿತ್’, ಆಮೇಲೆ ಶಾಂತಿಯ ಹಾರೈಕೆಯೊಂದಿಗೆ ಬರುತ್ತಾರೆ. ಅವರು ಬರೀ ಜೊತೆಗೆ ಹೋದವರಲ್ಲ ಅನ್ನೋದನ್ನು ಇಲ್ಲೇ ಹೇಳಿಬಿಡಬೇಕು. ಮೊದಲ ಐದು ಪ್ರಯಾಣಗಳಲ್ಲೂ ಇದ್ದರು, 1827 ಮತ್ತು 1838ರ ಪ್ರಯಾಣಗಳ ಅವರ ದಿನಚರಿಗಳು ಅಚ್ಚಾಗಿವೆ, ಓದಲು ಗಂಡನ ಟಿಪ್ಪಣಿಗಳಿಗಿಂತ ಚೆನ್ನಾಗಿವೆ. ದಂಪತಿಗಳಿಗೆ ಮಕ್ಕಳಿರಲಿಲ್ಲ. ಅವರ ನೆನಪಿಗೆ 1869ರಲ್ಲಿ ರಾಮ್ಸ್‌ಗೇಟ್‌ನಲ್ಲಿ ಒಂದು ವಿದ್ಯಾಲಯ ಕಟ್ಟಿಸಿದರು ಮಾಂಟೆಫಿಯೋರೆ.

ಇನ್ನು ಕಾಲಗಣನೆ. ಇದು ನನ್ನಂಥ ಎಂಜಿನಿಯರುಗಳಿಗೆ ಹಬ್ಬದೂಟ. ಹೀಬ್ರೂವಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬೆಲೆ. ಅಲೆಫ್ 1, ಬೇತ್ 2, ಯೋದ್ 10, ಕಾಫ್ 20, ಕೋಫ್ 100, ಕೊನೆಯ ತಾವ್ 400. ವರ್ಷ 5645 ಅಂತ ಬರೆಯಬೇಕಾದರೆ ಐದು ಸಾವಿರವನ್ನು ಬಿಟ್ಟು, ತಾವ್, ರೇಶ್, ಮೇಮ್, ಹೇ ಅಂತ ನಾಲ್ಕು ಅಕ್ಷರ ಬರೆದರೆ ಮುಗೀತು: 400, 200, 40, 5. ಸಾವಿರ ಬಿಟ್ಟ ಈ ಎಣಿಕೆಯನ್ನು ‘ಚಿಕ್ಕ ಎಣಿಕೆ’ ಅನ್ನುತ್ತಾರೆ. ನಮ್ಮ ಭೂತಸಂಖ್ಯೆಯಲ್ಲಿ ವೇದ ಅಂದ್ರೆ 4, ಬಾಣ ಅಂದ್ರೆ 5, ಆಕಾಶ ಅಂದ್ರೆ 0, ಓದೋದು ಬಲದಿಂದ ಎಡಕ್ಕೆ. ಸ್ಥಾನ ತಪ್ಪಿದರೆ ಶತಮಾನವೇ ತಪ್ಪುತ್ತೆ. ಹೀಬ್ರೂವಿನಲ್ಲಿ ಸ್ಥಾನದ ಗೊಡವೆ ಇಲ್ಲ, ಎಲ್ಲ ಕೂಡಿಸಿದರಾಯಿತು. ಹಾಗಾಗಿ ಬರೆಯುವವನಿಗೆ ಒಂದು ಆಟ ಸಿಕ್ಕಿತು. ಅಕ್ಷರಗಳನ್ನು ಕೂಡಿಸಿದರೆ ಆ ವರ್ಷವೇ ಬರುವಂಥ ಒಂದು ಪದವನ್ನೋ ಧರ್ಮಗ್ರಂಥದ ಒಂದು ತುಣುಕನ್ನೋ ಹುಡುಕಿ ತೇದಿಯ ಜಾಗದಲ್ಲಿ ಇಡೋದು. ಪೂರ್ತಿ ತುಣುಕು ಲೆಕ್ಕಕ್ಕೆ ಹೊಂದದಿದ್ದರೆ ಬೇಕಾದ ಅಕ್ಷರಗಳ ಮೇಲೆ ಮಾತ್ರ ಚುಕ್ಕಿ ಹಾಕೋದು, ಇಲ್ಲವೇ ಅವನ್ನು ದೊಡ್ಡದಾಗಿ ಬರೆಯೋದು. ನಕಲು ಮಾಡುವವನು ಆ ಚುಕ್ಕಿಗಳನ್ನು ಕೈಬಿಟ್ಟರೆ ಕಾಲವೇ ಕೈಬಿಟ್ಟಹಾಗೆ. ಶಿಲಾಶಾಸನದ ಅಚ್ಚು ತೆಗೆಯುವಾಗ ಅನುಸ್ವಾರ ಕಾಣದೆ ಒದ್ದಾಡಿದವರಿಗೆ ಈ ಸಂಕಟ ಗೊತ್ತು.

ಶಕವರ್ಷಕ್ಕೆ 78 ಕೂಡಿಸಬೇಕು, ಜನವರಿಯಿಂದ ಯುಗಾದಿವರೆಗೆ 79 ಅಂತ ನಾವು ನೆನಪಿಟ್ಟುಕೊಂಡಿರುತ್ತೇವೆ. ಇಲ್ಲಿ ಚಿಕ್ಕ ಎಣಿಕೆಗೆ 1240 ಕೂಡಿಸಬೇಕು. ವರ್ಷ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಶುರುವಾಗೋದರಿಂದ ಅಲ್ಲಿಂದ ಡಿಸೆಂಬರ್ ಕೊನೆಯವರೆಗೆ 1239. ಚಾಂದ್ರಮಾನ ತಿಂಗಳು, ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕಮಾಸ. ಅಧಿಕ ಬಂದಾಗ ಅದಾರ್ ತಿಂಗಳು ಎರಡಾಗುತ್ತೆ. ಇನ್ನೊಂದು ಸೊಗಸು ಏನಂದ್ರೆ ಎಷ್ಟೋ ರಬ್ಬಿಗಳು ತಿಥಿಯ ಬದಲು, ಆ ವಾರ ಸಭಾಮಂದಿರದಲ್ಲಿ ಓದಬೇಕಾದ ಧರ್ಮಗ್ರಂಥದ ಅಧ್ಯಾಯದ ಹೆಸರನ್ನು ಹೇಳಿ, ‘ಇಂಥ ಪಾಠದ ವಾರದ ಮಂಗಳವಾರ’ ಅಂತ ಬರೆಯುತ್ತಾರೆ. ವಾರ, ಪಾಠ, ವರ್ಷ ಮೂರನ್ನೂ ತಾಳೆ ನೋಡಬಹುದು. ಸಂಕ್ರಾಂತಿ, ವ್ಯತೀಪಾತ, ಗ್ರಹಣಗಳನ್ನು ಹಿಡಿದು ನಾವು ಶಾಸನದ ಕಾಲ ತಾಳೆ ನೋಡೋದು ಇದೇ ಕ್ರಮದಲ್ಲಿ.

ಆದರೆ ನಮ್ಮ ದಾನಶಾಸನಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ, ಅದನ್ನು ಮರೆತರೆ ಈ ಪತ್ರಗಳನ್ನು ಓದೋದೇ ತಪ್ಪುತ್ತೆ. ದಾನಶಾಸನವನ್ನು ಸಾಮಾನ್ಯವಾಗಿ ಬರೆಸುವುದು ಕೊಟ್ಟವನ ಕಡೆಯವರು. ಇಲ್ಲಿ ಬರೆಯುತ್ತಿರುವವರು ಪಡೆದವರು. ಪಡೆದವರು ಮಾತ್ರವಲ್ಲ, ಇನ್ನೂ ಪಡೆಯಬೇಕಾದವರು. ಹಾಗಾಗಿ ಹೊಗಳಿಕೆ ಮುಗಿದ ಮೇಲೆ ಬರುವ ಸಾಲುಗಳಲ್ಲಿ ಏನು ಕೇಳಿದ್ದಾರೆ ಅನ್ನೋದನ್ನು ನೋಡಬೇಕು.

1839ರ ಮೇ ತಿಂಗಳನ್ನು ತೆಗೆದುಕೊಳ್ಳಿ. ಮಾಂಟೆಫಿಯೋರೆ ದಂಪತಿಗಳು ಸಫೇದಿಗೆ ಬಂದಾಗ ಆ ಊರು ಏನಾಗಿತ್ತು? 1834ರಲ್ಲಿ ರೈತರ ದಂಗೆಯಲ್ಲಿ ಯೆಹೂದಿಗಳ ಕೇರಿ ವಾರಗಟ್ಟಲೆ ಲೂಟಿಯಾಗಿತ್ತು. 1837ರ ಜನವರಿ 1ರ ಭೂಕಂಪ ಊರನ್ನೇ ನೆಲಸಮ ಮಾಡಿತ್ತು. 1838ರಲ್ಲಿ ಮತ್ತೆ ದಾಳಿ. ಜೆರುಸಲೇಮಿನಲ್ಲಿ ಆ ವರ್ಷ ಪ್ಲೇಗ್ ಇದ್ದದ್ದರಿಂದ ದಂಪತಿಗಳು ಊರೊಳಗೆ ಇರದೆ ಆಲಿವ್ ಗುಡ್ಡದ ಮೇಲೆ ಡೇರೆ ಹಾಕಿಕೊಂಡಿದ್ದರು. ಈ ಜನ ಬದುಕುತ್ತಿದ್ದದ್ದು ಬಹುಮಟ್ಟಿಗೆ ‘ಹಲುಕ್ಕಾ’ ಅನ್ನುವ ವ್ಯವಸ್ಥೆಯ ಮೇಲೆ: ಹೊರದೇಶದ ಯೆಹೂದಿಗಳು ಪವಿತ್ರಭೂಮಿಯಲ್ಲಿ ಓದು, ಪ್ರಾರ್ಥನೆಯಲ್ಲಿ ಇರುವವರಿಗಾಗಿ ಕೂಡಿಸಿ ಕಳಿಸುವ ಹಣ, ಇಲ್ಲಿ ತಲೆಗಿಷ್ಟು ಅಂತ ಹಂಚಿಕೆ. ಹೊಗಳಿಕೆಯ ಪತ್ರ ಬರೆದವರು ಇನ್ನಷ್ಟು ಹಂಚಿಕೆ ಕೇಳಿದ್ದಾರೆ ಅಂತ ನೀವು ಊಹಿಸಬಹುದು. ಕೇಳಿದವರೂ ಇದ್ದರು. ಆದರೆ ಸಫೇದ್, ತಿಬೇರಿಯಸ್‌ಗಳಿಂದ ಬಂದ ಮನವಿಗಳಲ್ಲಿ ಕೇಳಿದ್ದು ಭೂಮಿ. ಉಳುವುದಕ್ಕೆ ಹೊಲ, ದನಕರು, ಕಾಪಾಡೋದಕ್ಕೆ ಅಧಿಕಾರದ ಬಲ. ರಬ್ಬಿಗಳೆಂದರೆ ಪುಸ್ತಕದ ಮುಂದೆ ಕೂತವರು, ದುಡಿಮೆ ಬೇಡವಾದವರು ಅಂತ ಆಗಿನ ಯುರೋಪಿನವರು ಬರೆದಿಟ್ಟ ಚಿತ್ರಕ್ಕೆ ಇದು ನೇರ ಉತ್ತರ. ಇಸ್ರೇಲ್ ಬಾಕ್ ಎಂಬ ಮುದ್ರಕರು ಆಗಲೇ ಹತ್ತಿರದ ಜರ್ಮಕ್ ಬೆಟ್ಟದಲ್ಲಿ ಬೇಸಾಯ ಶುರುಮಾಡಿದ್ದರು.

ಮಾಂಟೆಫಿಯೋರೆ ಈ ಬೇಡಿಕೆಯನ್ನು ಗಂಭೀರವಾಗಿ ತೆಗೆದುಕೊಂಡರು. ಆಗ ಆ ನಾಡು ಈಜಿಪ್ಟಿನ ಮುಹಮ್ಮದ್ ಅಲಿಯ ಕೈಯಲ್ಲಿತ್ತು. ನೇರ ಅವನ ಬಳಿ ಹೋಗಿ, ಹಳ್ಳಿಗಳನ್ನು 50 ವರ್ಷದ ಗುತ್ತಿಗೆಗೆ ಕೊಡಿ ಅಂತ ಮಾತಾಡಿದರು. ಬಾಯಿಮಾತಿನ ಒಪ್ಪಿಗೆ ಸಿಕ್ಕಿತು, ಕಾಗದದ ಮೇಲೆ ಏನೂ ಬರಲಿಲ್ಲ. 1840ರಲ್ಲಿ ಈಜಿಪ್ಟಿನ ಸೇನೆ ಆ ನಾಡಿನಿಂದ ಕಾಲು ತೆಗೆಯಬೇಕಾಯಿತು, ಯೋಜನೆ ಅಲ್ಲಿಗೆ ಬಿತ್ತು. ಬಾಕ್ ಜೆರುಸಲೇಮಿಗೆ ಬಂದು 1841ರಲ್ಲಿ ಅಲ್ಲಿನ ಮೊದಲ ಹೀಬ್ರೂ ಮುದ್ರಣಾಲಯ ತೆರೆದರು. ಮಾಂಟೆಫಿಯೋರೆ ಅವರಿಗೊಂದು ಹೊಸ ಮುದ್ರಣಯಂತ್ರ ಕಳಿಸಿಕೊಟ್ಟರು. ಅದಕ್ಕೆ ‘ಮೋಶೆ ಮತ್ತು ಯೆಹೂದಿತ್‌ರ ಕೊಡುಗೆ’ ಅಂತಲೇ ಹೆಸರಾಯಿತು.

1840ರಲ್ಲೇ ಇನ್ನೊಂದು ಘಟನೆ ನಡೆಯಿತು. ಪತ್ರಗಳ ಪ್ರವಾಹ ನಿಜವಾಗಿ ಏರಿದ್ದು ಅದರಿಂದ. ಆ ವರ್ಷದ ಫೆಬ್ರವರಿಯಲ್ಲಿ ಡಮಾಸ್ಕಸ್‌ನಲ್ಲಿ ಫಾದರ್ ಥಾಮಸ್ ಎಂಬ ಕ್ಯಾಥೊಲಿಕ್ ಸನ್ಯಾಸಿ ತನ್ನ ಸೇವಕನ ಸಮೇತ ಕಾಣೆಯಾದ. ಹಬ್ಬದ ರೊಟ್ಟಿಗೆ ರಕ್ತ ಬೇಕೆಂದು ಯೆಹೂದಿಗಳೇ ಕೊಂದಿದ್ದಾರೆ ಅನ್ನೋ ಹಳೆಯ ಹುಸಿ ಆಪಾದನೆ ಎದ್ದಿತು. ಊರಿನ ಪ್ರಮುಖ ಯೆಹೂದಿಗಳನ್ನು ಹಿಡಿದು ಹಿಂಸಿಸಿದರು, ಕೆಲವರು ಅದರಲ್ಲೇ ಸತ್ತರು. ಮಾಂಟೆಫಿಯೋರೆ, ಪ್ಯಾರಿಸ್ಸಿನ ವಕೀಲ ಅಡಾಲ್ಫ್ ಕ್ರೆಮಿಯೊ, ಅರಬ್ಬಿ ವಿದ್ವಾಂಸ ಸಾಲೊಮನ್ ಮುಂಕ್, ಮಾಂಟೆಫಿಯೋರೆಯವರ ಕಾರ್ಯದರ್ಶಿ ಲೂಯಿಸ್ ಲೋವೆ ಎಲ್ಲ ಸೇರಿ ಈಜಿಪ್ಟಿಗೆ ಹೋದರು. ಆಗಸ್ಟ್ ಕೊನೆಯಲ್ಲಿ ಮುಹಮ್ಮದ್ ಅಲಿ ಬಿಡುಗಡೆಯ ಆಜ್ಞೆ ಹೊರಡಿಸಿದ. ಆ ಅರಬ್ಬಿ ಆಜ್ಞಾಪತ್ರವನ್ನು ಓದಿದಾಗ ನಿಯೋಗದವರ ಕಣ್ಣಿಗೆ ಒಂದು ಪದ ಬಿತ್ತು. ಅದರ ಅರ್ಥ ಕ್ಷಮೆ. ಅರಬ್ಬಿಯ ‘ಅಫ್ವ್’, ಅದರದೇ ಧಾತುವಿನಿಂದ ಬಂದದ್ದು ನಮ್ಮ ‘ಮಾಫಿ’. ಸಾಲ ಮಾಫಿ, ಸುಂಕ ಮಾಫಿ ಅನ್ನುತ್ತೇವಲ್ಲ, ಅದೇ. ಮಾಫಿ ಮಾಡಿದೆ ಅಂದ್ರೆ ತಪ್ಪು ಮಾಡಿದ್ದರು ಅಂತ ಆಯಿತು. ಈ ಪದ ಬೇಡ ಅಂತ ನಿಯೋಗ ಪಟ್ಟುಹಿಡಿಯಿತು, ಪದ ತೆಗೆಸಿ ಬರೀ ಬಿಡುಗಡೆ ಅಂತ ಬರೆಸಿತು. ಆಮೇಲೆ ಮಾಂಟೆಫಿಯೋರೆ ಇಸ್ತಾಂಬುಲಿಗೆ ಹೋಗಿ, ರಕ್ತದ ಆಪಾದನೆ ನಿರಾಧಾರ ಅಂತ ಸಾರುವ ಫರ್ಮಾನನ್ನು ಸುಲ್ತಾನ ಅಬ್ದುಲ್ ಮಜೀದನಿಂದ ಪಡೆದರು. ತೇದಿ 1840ರ ನವೆಂಬರ್ 6.

ನಮ್ಮಲ್ಲಿ ಒಂದು ಪದದ ಪಾಠಕ್ಕಾಗಿ ಗಂಟೆಗಟ್ಟಲೆ ವಾದ ಮಾಡುವವರನ್ನು ನೋಡಿ ಮನೆಮಂದಿ ನಗುತ್ತಾರೆ. ಅವರಿಗೆ ಈ ಕಥೆ ಹೇಳಿ. ಜೈಲಿನಲ್ಲಿದ್ದವರು ಆ ಪದ ಇದ್ದರೂ ಹೊರಗೆ ಬರುತ್ತಿದ್ದರು. ಆದರೆ ಕ್ಷಮೆ ಪಡೆದ ಕೊಲೆಗಾರರಾಗಿ ಬರುತ್ತಿದ್ದರು, ಅವರ ಮಕ್ಕಳೂ ಹಾಗೇ ಬದುಕಬೇಕಾಗುತ್ತಿತ್ತು. 1840ರ ನಂತರದ ಪತ್ರಗಳಲ್ಲಿ ಮೋಶೆ, ಮೊರ್ದೆಕೈ ಹೋಲಿಕೆಗಳನ್ನು ಓದುವಾಗ ನನಗೆ ಅವು ಅತಿ ಅನಿಸೋದಿಲ್ಲ.

ಈಗ ಸಹಿಗಳಿಗೆ ಬರೋಣ. ಎಂಜಿನಿಯರಿಂಗ್ ಡ್ರಾಯಿಂಗ್ ಕೈಗೆ ಬಂದಾಗ ನಾವು ಮೊದಲು ನೋಡೋದು ಬಲಮೂಲೆಯ ಟೈಟಲ್ ಬ್ಲಾಕ್: ಯಾರು ಬರೆದರು, ಯಾರು ಪರೀಕ್ಷಿಸಿದರು, ಯಾರು ಒಪ್ಪಿದರು. ಈ ಪತ್ರಗಳ ಸಹಿಯ ಜಾಗವೂ ಹಾಗೇ. ಜೆರುಸಲೇಮಿನ ಯೆಹೂದಿಗಳಲ್ಲಿ ಎರಡು ದೊಡ್ಡ ಬಣ. ಸ್ಪೇನಿನಿಂದ ಹೊರದಬ್ಬಿಸಿಕೊಂಡು ಆಟೊಮನ್ ನಾಡುಗಳಲ್ಲಿ ನೆಲೆಸಿದವರ ವಂಶದ ಸೆಫಾರ್ದಿಗಳು ಮತ್ತು ಪೂರ್ವ ಯುರೋಪಿನಿಂದ ಬಂದ ಅಶ್ಕೆನಾಜಿಗಳು. ಸೆಫಾರ್ದಿಗಳ ಮುಖ್ಯಸ್ಥರಿಗೆ 1842ರಿಂದ ಸುಲ್ತಾನನ ಮನ್ನಣೆ ಇತ್ತು, ‘ಹಾಖಾಮ್ ಬಾಶಿ’ ಅಂತ ಪದವಿ. ಮೊದಲು ಪಡೆದವರು ಹಯೀಮ್ ಅಬ್ರಹಾಮ್ ಗಗೀನ್. ಅಶ್ಕೆನಾಜಿಗಳು ಬಹುಮಟ್ಟಿಗೆ ಯುರೋಪಿನ ಕಾನ್ಸುಲರ ಆಶ್ರಯದಲ್ಲಿದ್ದವರು. ಕೈಬರಹ ಬೇರೆ, ಸಹಿಯ ರೀತಿಯೂ ಬೇರೆ. ಸೆಫಾರ್ದಿ ರಬ್ಬಿಯ ಸಹಿ ಬಳ್ಳಿಯಂತೆ ಸುತ್ತಿಕೊಂಡಿರುತ್ತೆ, ಹೆಸರಿನ ಕೊನೆಗೆ ‘ಸಾಮೆಖ್ ಟೇತ್’ ಎಂಬ ಎರಡಕ್ಷರ ಇರುತ್ತೆ. ‘ಕೊನೆ ಒಳ್ಳೆಯದಾಗಲಿ’ ಅಂತ ಕೆಲವರು ಬಿಡಿಸುತ್ತಾರೆ, ‘ಶುದ್ಧ ಸೆಫಾರ್ದಿ’ ಅಂತ ಇನ್ನು ಕೆಲವರು. ಏನೇ ಇರಲಿ, ಆ ಎರಡಕ್ಷರ ಕಂಡರೆ ಸಹಿ ಯಾವ ಕಡೆಯದು ಅನ್ನೋದು ತಕ್ಷಣ ಗೊತ್ತಾಗುತ್ತೆ.

ಎರಡು ಬಣಕ್ಕೂ ಹಣದ ಹಂಚಿಕೆಯಲ್ಲಿ ಸದಾ ತಕರಾರು. ಬೇರೆ ಬೇರೆ ಪತ್ರ, ಬೇರೆ ಬೇರೆ ದೂತರು. ಹಾಗಾಗಿ ಇಬ್ಬರ ಸಹಿಯೂ ಒಂದೇ ಹಾಳೆಯ ಮೇಲೆ ಇದ್ದರೆ ಹೊಗಳಿಕೆ ಎಷ್ಟೇ ಮಾಮೂಲಾಗಿರಲಿ, ಮಧ್ಯದ ವಿಷಯ ಮಾಮೂಲಲ್ಲ ಅಂತ ಓದಬೇಕು ಅನ್ನೋದು ನನ್ನ ಅಭಿಪ್ರಾಯ. ಮಾಂಟೆಫಿಯೋರೆ ಹೆಸರಿಗೆ ಆ ಶಕ್ತಿ ಇತ್ತು. ವರ್ಷವಿಡೀ ಮಾತಾಡದವರನ್ನೂ ಒಂದು ಸಹಿಯ ಮಟ್ಟಿಗೆ ಒಟ್ಟು ಕೂರಿಸುತ್ತಿತ್ತು.

ಹಾಗಂತ ರಬ್ಬಿಗಳು ತಲೆಯಾಡಿಸುತ್ತಲೇ ಇದ್ದರು ಅಂದುಕೊಳ್ಳಬೇಡಿ. ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ ಅಂತ ನಮ್ಮಲ್ಲಿ ಹೇಳುತ್ತಾರೆ. ಕೆಳಗಿನ ಕೈಯೂ ಕೆಲವೊಮ್ಮೆ ಬೇಡ ಅನ್ನುತ್ತೆ. 1855ರಲ್ಲಿ ಮಾಂಟೆಫಿಯೋರೆ ಜೆರುಸಲೇಮಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಸಿದರು, ನೇಯ್ಗೆ ಕಲಿಸುವ ವ್ಯವಸ್ಥೆ ಮಾಡಿಸಿದರು. ಶಾಲೆ ಬಹುಕಾಲ ಬಾಳಲಿಲ್ಲ. ಮರುವರ್ಷ ಬೇರೆಯವರು ಲೇಮೆಲ್ ಶಾಲೆ ತೆರೆದಾಗ ಅಶ್ಕೆನಾಜಿ ರಬ್ಬಿಗಳು ಅದಕ್ಕೆ ಬಹಿಷ್ಕಾರವನ್ನೇ ಹಾಕಿದರು. ಅದೇ 1855ರಲ್ಲಿ ಮಾಂಟೆಫಿಯೋರೆ ಹಳೆಯ ದೇವಾಲಯವಿದ್ದ ಗುಡ್ಡದ ಮೇಲೆ ಹೋಗಿಬಂದಾಗಲೂ ಊರಿನಲ್ಲಿ ಸಿಟ್ಟು ಎದ್ದಿತ್ತು. ಶುದ್ಧಿಯ ನಿಯಮದ ಕಾರಣಕ್ಕೆ ಯೆಹೂದಿಗಳು ಅಲ್ಲಿ ಕಾಲಿಡಬಾರದು ಅನ್ನೋದು ರಬ್ಬಿಗಳ ನಿಲುವು. ಹೊಗಳಿ ಬರೆದ ಕೈಗಳೇ ಬೇಡ ಅಂತಲೂ ಬರೆಯಬಲ್ಲವು ಅನ್ನೋದು ಗೊತ್ತಿದ್ದರೆ ಹೊಗಳಿಕೆಗೆ ಬೆಲೆ ಹೆಚ್ಚುತ್ತೆ.

ಗಾಳಿಗಿರಣಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ, ವೃತ್ತಿದೋಷ. ಅಗ್ಗದ ಹಿಟ್ಟು, ಕೈಗೆ ಕೆಲಸ ಎರಡೂ ಸಿಗಲಿ ಅಂತ 1857ರಲ್ಲಿ ಜೆರುಸಲೇಮಿನ ಕೋಟೆಯ ಹೊರಗೆ ಗಾಳಿಗಿರಣಿ ಎದ್ದಿತು. ಯಂತ್ರಭಾಗಗಳು ಕ್ಯಾಂಟರ್ಬರಿಯ ಹೋಲ್ಮನ್ ಬ್ರದರ್ಸ್ ಅವರವು. ಹಡಗಿನಲ್ಲಿ ಜಾಫಾಕ್ಕೆ, ಅಲ್ಲಿಂದ ಒಂಟೆಗಳ ಮೇಲೆ ಬೆಟ್ಟ ಹತ್ತಿ ಬಂದವು. ಕೆಂಟ್ ಕಡಲತೀರದ ಗಾಳಿಗೆ ಮಾಡಿದ ಯಂತ್ರ, ಜೆರುಸಲೇಮಿನ ಗಾಳಿಗೆ ಸಾಕಷ್ಟು ತಿರುಗಲಿಲ್ಲ. ಎರಡು ದಶಕ ತುಂಬುವ ಮೊದಲೇ ನಿಂತಿತು. ಅದರ ಪಕ್ಕದಲ್ಲಿ 1860ರಲ್ಲಿ ಎದ್ದ ‘ಮಿಶ್ಕೆನೊತ್ ಶಅನನ್ನೀಮ್’ ಎಂಬ ಉದ್ದನೆಯ ಮನೆಸಾಲು, ಕೋಟೆಯ ಹೊರಗೆ ಕಟ್ಟಿದ ಮೊದಲ ಯೆಹೂದಿ ವಸತಿ. ಅದರ ಹಣ ಮಾಂಟೆಫಿಯೋರೆಯದಲ್ಲ. ನ್ಯೂ ಆರ್ಲಿಯನ್ಸ್‌ನ ಜೂಡಾ ಟೂರೊ 1854ರಲ್ಲಿ ತೀರಿಕೊಂಡಾಗ ಜೆರುಸಲೇಮಿನ ಬಡವರಿಗೆಂದು 50,000 ಡಾಲರ್ ಬಿಟ್ಟುಹೋಗಿದ್ದರು, ಖರ್ಚಿನ ಹೊಣೆ ಮಾಂಟೆಫಿಯೋರೆಗೆ ಬಿದ್ದಿತು. ಜನರ ಬಾಯಲ್ಲಿ ಮಾತ್ರ ಗಿರಣಿಯ ಜೊತೆ ಮನೆಸಾಲೂ ಮಾಂಟೆಫಿಯೋರೆಯದೇ ಆಯಿತು. ಕೊಟ್ಟವನೊಬ್ಬ, ಕಟ್ಟಿಸಿದವನೊಬ್ಬ, ಹೆಸರು ಉಳಿದದ್ದು ಕಟ್ಟಿಸಿದವನದು. ನಮ್ಮ ಕೆರೆ ಶಾಸನಗಳಲ್ಲೂ ಈ ಗೊಂದಲ ಬೇಕಾದಷ್ಟಿದೆ.

ಇಡೀ ಪತ್ರವ್ಯವಹಾರದಲ್ಲಿ ನನಗೆ ಮುಖ್ಯ ಅನಿಸೋದು 1874–75ರ ಜಗಳ. ಮಾಂಟೆಫಿಯೋರೆ ಬ್ರಿಟಿಷ್ ಯೆಹೂದಿಗಳ ಪ್ರತಿನಿಧಿ ಮಂಡಳಿಯ ಅಧ್ಯಕ್ಷಸ್ಥಾನ ಬಿಟ್ಟರು, ಅವರ ಗೌರವಾರ್ಥ ಒಂದು ನಿಧಿ ಕೂಡಿಸಿದರು, ಅದನ್ನು ಜೆರುಸಲೇಮಿಗೇ ಖರ್ಚುಮಾಡಿ ಅಂತ ಅವರು ಹೇಳಿದರು. ಲಂಡನ್ನಿನಿಂದ ಸ್ಯಾಮುಯೆಲ್ ಮಾಂಟೆಗು ಮತ್ತು ಡಾಕ್ಟರ್ ಆಶರ್ ಹೋಗಿ ನೋಡಿಬಂದು ಕಟುವಾದ ವರದಿ ಕೊಟ್ಟರು: ಹಲುಕ್ಕಾ ಜನರನ್ನು ಸೋಮಾರಿಗಳನ್ನಾಗಿ, ಭಿಕ್ಷುಕರನ್ನಾಗಿ ಮಾಡಿದೆ ಅಂತ. ಜೆರುಸಲೇಮಿನ ಅಶ್ಕೆನಾಜಿ ರಬ್ಬಿಗಳಾದ ಮೇಯಿರ್ ಔಅರ್‌ಬಾಖ್ ಮತ್ತು ಶ್ಮುಯೆಲ್ ಸಲಾಂತ್ ಮಾಂಟೆಫಿಯೋರೆಗೆ ಬರೆದರು. ನಮ್ಮವರು ಸೋಮಾರಿಗಳಲ್ಲ, ಇಲ್ಲಿ ಕಸುಬುದಾರರಿದ್ದಾರೆ, ಕೆಲಸ ಸಿಕ್ಕರೆ ಮಾಡುವ ಕೈಗಳಿವೆ ಅನ್ನೋದು ಅವರ ವಾದ. ತೊಂಬತ್ತರ ಮುದುಕ ಏನು ಮಾಡಿದ ಗೊತ್ತೇ? ವರದಿಯನ್ನೂ ನಂಬಲಿಲ್ಲ, ಪತ್ರವನ್ನೂ ಸುಮ್ಮನೆ ನಂಬಲಿಲ್ಲ. 1875ರ ಬೇಸಿಗೆಯಲ್ಲಿ ಹಡಗು ಹತ್ತಿ ತಾನೇ ನೋಡಲು ಹೋದ. ಬಂದಮೇಲೆ ತನ್ನ ನಲವತ್ತು ದಿನಗಳ ವಾಸದ ವೃತ್ತಾಂತವನ್ನು ಪುಸ್ತಕ ಮಾಡಿ ಅಚ್ಚು ಹಾಕಿಸಿ, ಜೆರುಸಲೇಮಿನ ಜನರ ಪರ ನಿಂತ. ಆ ನಿಧಿಯಿಂದ ಮುಂದೆ ಕೋಟೆಯ ಹೊರಗೆ ಎರಡು ಹೊಸ ಬಡಾವಣೆಗಳು ಬಂದವು. ಅಶ್ಕೆನಾಜಿಗಳಿಗೆ ‘ಮಝ್ಕೆರೆತ್ ಮೋಶೆ’, ಸೆಫಾರ್ದಿಗಳಿಗೆ ‘ಓಹೆಲ್ ಮೋಶೆ’. ಮನೆ ಕಟ್ಟುವಾಗಲೂ ಬಣಕ್ಕೊಂದು.

1884ರ ಅಕ್ಟೋಬರಿನಲ್ಲಿ ನೂರು ತುಂಬಿದಾಗ ಪತ್ರಗಳು, ಪದ್ಯಗಳು, ಚಿತ್ರ ಬರೆದ ಚರ್ಮಪಟಗಳು ಎಲ್ಲ ಕಡೆಯಿಂದ ಬಂದವು. ವಿಕ್ಟೋರಿಯಾ ರಾಣಿಯ ತಂತಿಯೂ ಬಂತು. ಆ ವರ್ಷದ ಬರಹಗಳಿಗೆ ಅಕ್ಷರಸಂಖ್ಯೆಯ ಆಟ ಕಟ್ಟುವವರ ಕೈ ಬಿಡುವಿಲ್ಲದೆ ಓಡಿರಬೇಕು. ಮುಂದಿನ ತಿಂಗಳೇ ಕಟೊವಿಟ್ಸ್ ಊರಿನಲ್ಲಿ, ಪ್ಯಾಲೆಸ್ತೀನಿನಲ್ಲಿ ನೆಲೆಸಬೇಕು ಅನ್ನುವ ಸಂಘಗಳವರು ಸಭೆ ಸೇರಿ ತಮ್ಮ ಸಂಸ್ಥೆಗೆ ಇವರದೇ ಹೆಸರಿಟ್ಟರು. ಹೊಗಳಿಕೆ ಬೇರೆಯವರ ಬಾವುಟವೂ ಆಗುತ್ತೆ, ಹೊಗಳಿಸಿಕೊಂಡವನು ಕೇಳಿರಲಿ ಬಿಡಲಿ.

ಈಗ ಈ ಪತ್ರಗಳಿಗೆ ಇಷ್ಟು ಬೆಲೆ ಯಾಕೆ ಅಂತ ಹೇಳುತ್ತೇನೆ. ಮಾಂಟೆಫಿಯೋರೆ ತೀರಿಕೊಂಡ ಮೇಲೆ ಅವರ ದಿನಚರಿಗಳು, ಕಾಗದಪತ್ರಗಳು ಬಹುಪಾಲು ಬೆಂಕಿಗೆ ಹೋದವು. ಅವರ ಇಚ್ಛೆಯೇ ಹಾಗಿತ್ತು ಅಂತ ವಾರಸುದಾರ ಜೋಸೆಫ್ ಸೆಬಾಗ್-ಮಾಂಟೆಫಿಯೋರೆ ಸುಡಿಸಿದರು. ಲೋವೆ ಅವುಗಳಿಂದ ಆರಿಸಿ ಜೋಡಿಸಿದ್ದು ಎರಡು ಸಂಪುಟಗಳಾಗಿ 1890ರಲ್ಲಿ, ಲೋವೆ ಸತ್ತ ಎರಡು ವರ್ಷಕ್ಕೆ, ಪ್ರಕಟವಾಯಿತು. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಪಾಠ ಇದ್ದು, ಊರಿಗೆ ಹೋದರೆ ಕಲ್ಲೇ ಇಲ್ಲದ ಶಾಸನಗಳನ್ನು ನಾವು ಎಷ್ಟು ಕಂಡಿಲ್ಲ? ಹಾಗೆ. ಲೋವೆ ಎಷ್ಟೇ ಪ್ರಾಮಾಣಿಕರಾದರೂ ಆರಿಸಿದವರು ಅವರು, ಯಜಮಾನನನ್ನು ಪ್ರೀತಿಸಿದವರು. ಅದನ್ನು ತಾಳೆ ನೋಡೋದಕ್ಕೆ ಉಳಿದಿರೋದು ಎದುರು ಕಡೆಯಿಂದ ಬಂದ ಈ ಹಾಳೆಗಳು.

ಅವುಗಳ ಜೊತೆ ಉಳಿದ ಇನ್ನೊಂದು ರಾಶಿ ಜನಗಣತಿ. 1839ರಲ್ಲಿ ಹಣ ಹಂಚುವ ಮೊದಲು ಮಾಂಟೆಫಿಯೋರೆ ಪ್ರತಿ ಸಮುದಾಯಕ್ಕೂ ಪಟ್ಟಿ ಮಾಡಿಕೊಡಿ ಅಂದರು. 1849, 1855, 1866, 1875ರಲ್ಲಿ ಮತ್ತೆ. ಬರೆದುಕೊಟ್ಟವರು ಆಯಾ ಸಮುದಾಯದವರೇ, ಹೀಬ್ರೂ ಕೈಬರಹದಲ್ಲಿ. ಮೊದಲ ಸಲ ಸಿಕ್ಕ ಲೆಕ್ಕ ನಾಡಿಡೀ ಸುಮಾರು 6,500 ಜನ. ಹೆಸರು, ವಯಸ್ಸು, ಹುಟ್ಟೂರು, ಬಂದ ವರ್ಷ, ಕಸುಬು, ಸ್ಥಿತಿ, ಮಕ್ಕಳು. ವಿಧವೆಯರಿಗೆ ಬೇರೆ ಪಟ್ಟಿ, ಅನಾಥ ಮಕ್ಕಳಿಗೆ ಬೇರೆ. ಪತ್ರದಲ್ಲಿ ‘ಬಡವರೂ ಅನಾಥರೂ ನಿಮ್ಮ ದೀರ್ಘಾಯುಷ್ಯಕ್ಕೆ ಪ್ರಾರ್ಥಿಸುತ್ತಿದ್ದಾರೆ’ ಅಂತ ಒಂದು ಮಾಮೂಲು ಮಾತು ಬಂದರೆ, ಆ ಬಡವರು ಯಾರು ಅಂತ ಪಟ್ಟಿ ತೆಗೆದು ಒಬ್ಬೊಬ್ಬರನ್ನೇ ಹೆಸರು ಹಿಡಿದು ನೋಡಬಹುದು. ಪ್ರಶಸ್ತಿಯ ಸಾಲಿಗೆ ಇಂಥ ಅಡಿಟಿಪ್ಪಣಿ ನಮ್ಮ ಯಾವ ಚಾಲುಕ್ಯ ಶಾಸನಕ್ಕೂ ಸಿಕ್ಕಿಲ್ಲ.

ಈ ಪಟ್ಟಿಗಳ ಚಿತ್ರಗಳು ಈಗ ಅಂತರ್ಜಾಲದಲ್ಲಿವೆ, ಹೆಸರು ಕೊಟ್ಟು ಹುಡುಕಬಹುದು, ಇಂಗ್ಲಿಷ್ ಅನುವಾದವೂ ಜೊತೆಗಿದೆ. ಹಳಗನ್ನಡ ಲಿಪಿ ಕಲಿತ ಕೈಗಳಿಗೆ ಹೀಬ್ರೂವಿನ ಇಪ್ಪತ್ತೆರಡು ಅಕ್ಷರ ಭಾರವಲ್ಲ, ಒಂದೆರಡು ವಾರ ಸಾಕು. ಶುರುಮಾಡುವವರು 1839ರ ಸಫೇದಿನ ವಿಧವೆಯರ ಪಟ್ಟಿಯಿಂದ ಶುರುಮಾಡಿ. ಭೂಕಂಪವಾಗಿ ಎರಡು ವರ್ಷ ಆಗಿತ್ತು.